ಕಾರಿಗೊಂದು ಕಾಜಾ

ಅಂತ್ಯಕ್ರಿಯೆ ಮುಗಿದು ಬಂದವರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು ಅದು. ಎರವಲು ತಂದಿದ್ದ ಕುರ್ಚಿಗಳನ್ನು ಹಿಂದಿನ ಸಂಜೆಯೇ ಒಯ್ದಿದ್ದರು. ನಡುಮನೆ ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುತ್ತಿತ್ತು. ನಾನು ಟೀ ಸೋಸುತ್ತಿದ್ದೆ. ಹೊರಬಾಗಿಲ ಪಕ್ಕದ ಬೆಂಚಿನ ಮೇಲೆ ನಾದಿನಿ ಕೂತಿದ್ದಳು. ಇಸ್ತ್ರಿ ಮಾಡಿದ ಬಟ್ಟೆ, ತೊಡೆಯ ಮೇಲೆ ಚೀಲ, ಎಡಗಾಲಿಗೆ ಕಬ್ಬಿಣದ ಪಟ್ಟಿಯ ಬೂಟು, ಗೋಡೆಗೆ ಒರಗಿಸಿದ ಊರುಗೋಲು. ದಿನವೂ ಅವಳು ಹೀಗೇ ಕೂರುತ್ತಿದ್ದಳು, ಅಣ್ಣ ಕಾರಿನ ಕೀಲಿ ಹುಡುಕಿಕೊಂಡು ಬರುವವರೆಗೆ.

"ಎಲ್ಲಿಗೇ?" ಎಂದರು ಅತ್ತೆ.

"ಕೆಲಸಕ್ಕೆ."

ಹೇಳಿದ ಮೇಲೆ ಅವಳಿಗೇ ಹೊಳೆಯಿತು. ಚೀಲದ ಪಟ್ಟಿಯನ್ನು ಬೆರಳಿಗೆ ಸುತ್ತತೊಡಗಿದಳು.

ಮನೆಯಲ್ಲಿ ಅವಳನ್ನು ಕರೆಯುವುದು ಸಾಸಿವೆ ಎಂದು. ಅಷ್ಟೇ ಗಾತ್ರ, ಅಷ್ಟೇ ಸಿಡಿತ. ಮಾವ ಇಟ್ಟ ಹೆಸರು. ಊರಿಗೆ ನೀರು ಸೋಸಿ ಕಳಿಸುವ ಘಟಕದಲ್ಲಿ ಅವಳಿಗೆ ನೀರು ಪರೀಕ್ಷೆ ಮಾಡುವ ಕೆಲಸ. ಘಟಕ ಇರುವುದು ಗುಡ್ಡದ ತುದಿಯಲ್ಲಿ. ಬಸ್ಸು ಗುಡ್ಡದ ಬುಡದವರೆಗೆ ಮಾತ್ರ. ಬಸ್ಸಿನ ಮೆಟ್ಟಿಲೂ ಅವಳ ಕಾಲಿಗೆ ಎಟುಕುವುದಿಲ್ಲ. ನನ್ನ ಗಂಡ ಅವಳನ್ನು ಮೇಲೆ ಬಿಟ್ಟು, ಆಮೇಲೆ ತನ್ನ ಕೆಲಸಕ್ಕೆ ಹೋಗುತ್ತಿದ್ದ. ಅವನು ಲಿಫ್ಟುಗಳನ್ನು ದುರಸ್ತಿ ಮಾಡುತ್ತಿದ್ದ. ಒಂದು ಮಧ್ಯಾಹ್ನ ಕೆಲಸದ ಜಾಗದಲ್ಲಿ ಊಟಕ್ಕೆ ಕೂತವನು ಏಳಲಿಲ್ಲ.

"ಘಟಕದ ಆವರಣದಲ್ಲೇ ಒಂದು ಕೋಣೆ ಖಾಲಿ ಇದೆಯಂತೆ," ಎಂದಳು ಸಾಸಿವೆ. "ಮೇಲಿನವರು ಹೇಳಿದಾರೆ. ಅಲ್ಲೇ ಇದ್ದುಬಿಡ್ತೀನಿ."

"ಇದ್ದುಬಿಡ್ತೀಯಾ? ಇದೇನು ಛತ್ರವಾ, ಒಬ್ಬೊಬ್ಬರಾಗಿ ಖಾಲಿ ಮಾಡೋಕೆ?" ಅತ್ತೆಯ ದನಿ ಒಡೆಯಿತು. "ಅವನು ಹೋದ ವಾರಕ್ಕೇ ನೀನೂ ಗಂಟು ಕಟ್ಟು!"

"ಮತ್ತೆ? ನೀನು ಹೆಗಲ ಮೇಲೆ ಹೊತ್ಕೊಂಡು ಹೋಗ್ತೀಯಾ ಅಷ್ಟೆತ್ತರಕ್ಕೆ?" ಎಂದರು ಮಾವ. "ಕೆಲಸ ಬಿಡು ಅಂತ ನಾನಂತೂ ಹೇಳಲ್ಲ."

"ನಾನು ಬಿಟ್ಟು ಬರ್ತೀನಿ," ಎಂದೆ.

ಮೂವರೂ ನನ್ನ ಕಡೆ ತಿರುಗಿದರು. ವಿಶ್ವವಿದ್ಯಾಲಯದಲ್ಲಿ ಓದುವಾಗ ಓಡಿಸಲು ಕಲಿತಿದ್ದೆ. ಲೈಸೆನ್ಸು ಎಲ್ಲೋ ಪೆಟ್ಟಿಗೆಯಲ್ಲಿತ್ತು. ಮದುವೆಯಾದ ಮೇಲೆ ಸ್ಟೀರಿಂಗ್ ಮುಟ್ಟಿರಲಿಲ್ಲ. ಮನೆಯಲ್ಲೇ ಕೂತು ಪುಸ್ತಕಗಳ ಕರಡು ತಿದ್ದುವವಳಿಗೆ ಅದರ ಅಗತ್ಯವೂ ಬಂದಿರಲಿಲ್ಲ.

"ನಾನೇ ಬಿಡ್ತಿದ್ದೆ," ಎಂದರು ಮಾವ. "ಆದ್ರೆ ನನಗೆ ಸ್ಟೀರಿಂಗ್ ಗೊತ್ತಿಲ್ವಲ್ಲ."

ಅದು ನಿಜ. ಮಾವ ರೈಲು ಓಡಿಸಿ ನಿವೃತ್ತರಾದವರು. ಸಾವಿರಾರು ಜನರನ್ನು ಎಳೆದುಕೊಂಡು ಹೋದವರು, ಜೀವಮಾನದಲ್ಲಿ ಒಮ್ಮೆಯೂ ಬಲಕ್ಕೋ ಎಡಕ್ಕೋ ತಿರುಗಿಸಿದವರಲ್ಲ.

ಕಾರು ಚಿಕ್ಕದು, ಹೈಬ್ರಿಡ್. ಒಳಗೆ ಪೆಟ್ರೋಲಿನ ಎಂಜಿನ್ನೂ ಇದೆ, ವಿದ್ಯುತ್ತಿನ ಮೋಟರೂ ಇದೆ, ಯಾವಾಗ ಯಾವುದು ದುಡಿಯಬೇಕೆಂದು ಅದೇ ತೀರ್ಮಾನಿಸುತ್ತದೆ. ನನಗೆ ಗೊತ್ತಿದ್ದದ್ದು ಇಷ್ಟೇ. ಸಾಸಿವೆ ಹಿಂದಿನ ಸೀಟಿನ ಉದ್ದಕ್ಕೂ ಕಾಲು ಚಾಚಿ ಕೂತಳು. ಪಟ್ಟಿ ಕಟ್ಟಿದ ಕಾಲು ಮುಂದೆ ಹಿಡಿಸುವುದಿಲ್ಲ. ನಾನು ಬ್ರೇಕು ತುಳಿದು ಗುಂಡಿ ಒತ್ತಿದೆ. ಪರದೆ ಬೆಳಗಿತು. ಸದ್ದಿಲ್ಲ.

"ಹಿಡೀಲಿಲ್ಲ," ಗೇಟಿನ ಹತ್ತಿರ ನಿಂತಿದ್ದ ಮಾವ ಕೂಗಿದರು. "ಇನ್ನೊಂದ್ಸಲ ಒತ್ತು."

ಒತ್ತಿದೆ. ಪರದೆ ಆರಿತು. ಮತ್ತೆ ಒತ್ತಿದೆ. ಬೆಳಗಿತು. ಸದ್ದಿಲ್ಲ.

"ಗಾಡಿ ಅಂದ್ರೆ ಗುಡುಗಬೇಕು. ಇದು ಕೆಮ್ಮೋದೂ ಇಲ್ಲ!"

"ಅತ್ತಿಗೆ," ಎಂದಳು ಸಾಸಿವೆ ಹಿಂದಿನಿಂದ, "ಅಪ್ಪನ ಮಾತು ಕೇಳಿ ಸ್ಟಾರ್ಟ್ ಆಗಿದ್ದನ್ನ ಆಫ್ ಮಾಡ್ತಿದೀರಿ. ಅಲ್ಲಿ ಹಸಿರು ಅಕ್ಷರ ಇದ್ಯಲ್ಲ, ರೆಡಿ ಅಂತ? ಅಂದ್ರೆ ಅದು ಹೊರಟು ನಿಂತಿದೆ. ನೀವು ಹೊರಡೋದೊಂದೇ ಬಾಕಿ."

ಗೇರು ಹಾಕಿ, ಬ್ರೇಕಿನಿಂದ ಕಾಲು ತೆಗೆದೆ. ಸದ್ದಿಲ್ಲದೆ, ನಡುಕವಿಲ್ಲದೆ ಮನೆ ಹಿಂದಕ್ಕೆ ಸರಿಯತೊಡಗಿತು. ಆಮೇಲೆ ಗೇಟು, ಆಮೇಲೆ ಬಾಯಿ ತೆರೆದು ನಿಂತ ಮಾವ. ಕನಸಿನಲ್ಲಿ ಹೀಗೆ ಚಲಿಸಿದ್ದು ನೆನಪಿದೆ, ಎಚ್ಚರದಲ್ಲಿ ಎಂದೂ ಇಲ್ಲ.

ಗುಡ್ಡದ ಏರು ಬಂದಾಗ ಎಂಜಿನ್ ತಾನಾಗಿಯೇ ಎದ್ದಿತು. ನಾನು ಏನೂ ಮಾಡಿರಲಿಲ್ಲ. ಯಾರೋ ಹಿಂದಿನಿಂದ ಬಂದು ಹೆಗಲು ಕೊಟ್ಟ ಹಾಗಾಯಿತು. ಬೆಚ್ಚಿದೆ. "ಅದು ಹಾಗೇ," ಎಂದಳು ಸಾಸಿವೆ. ಅವಳನ್ನು ಇಳಿಸಿ ಒಬ್ಬಳೇ ಕೆಳಗೆ ಬರುವಾಗ ಎಂಜಿನ್ ಮಲಗಿತ್ತು. ಬ್ರೇಕು ಒತ್ತಿದಾಗಲೆಲ್ಲ ಪರದೆಯ ಮೇಲೆ ಚಕ್ರದಿಂದ ಬ್ಯಾಟರಿಯ ಕಡೆಗೆ ಹಸಿರು ಬಾಣಗಳು ಹರಿದವು. ಗುಡ್ಡದ ಬುಡ ಮುಟ್ಟುವಾಗ ಬ್ಯಾಟರಿಯ ಗೆರೆಗಳು ಹತ್ತುವ ಮೊದಲಿದ್ದದ್ದಕ್ಕಿಂತ ಹೆಚ್ಚಾಗಿದ್ದವು. ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ ಅದನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತಿದ್ದೆ.

ಎರಡನೆಯ ವಾರದಲ್ಲಿ ಕಾರು ಸತ್ತಿತು. ಬಾಗಿಲೂ ತೆರೆಯಲಿಲ್ಲ.

ಹಿಂದಿನ ಮಧ್ಯಾಹ್ನ ಮಾವ ಅದರೊಳಗೆ ಕೂತು ರೇಡಿಯೋ ಕೇಳಿದ್ದರು. ಮನೆಯೊಳಗೆ ಅತ್ತೆ ಹೊಲಿಗೆ ಯಂತ್ರದ ಮುಂದೆ ಸುಮ್ಮನೆ ಕೂತಿರುತ್ತಿದ್ದರು, ಪೆಡಲು ತುಳಿಯದೆ. ಅದನ್ನು ನೋಡಲಾಗದೆ ಮಾವ ಹೊರಗೆ ಹೋಗಿದ್ದರು. ಹಾಗೇ ನಿದ್ದೆ ಬಂದಿತ್ತು. ಎದ್ದು ಬರುವಾಗ ಎಲ್ಲವನ್ನೂ ಆರಿಸಿದೆ ಅಂದುಕೊಂಡಿದ್ದರು.

"ಅಷ್ಟು ದೊಡ್ಡ ಬ್ಯಾಟರಿ ಇದೆ ಅಂತೀಯಾ, ಒಂದು ರೇಡಿಯೋಗೆ ಬರಿದಾಯ್ತಾ?"

ನಾನು ಕಾರಿನ ಕೈಪಿಡಿ ತೆಗೆದೆ. ದಪ್ಪ ಪುಸ್ತಕ. ಆ ದಿನಗಳಲ್ಲಿ ನನ್ನಿಂದ ಬೇರೇನನ್ನೂ ಓದಲು ಆಗುತ್ತಿರಲಿಲ್ಲ. ತಿದ್ದಬೇಕಾದ ಕರಡುಗಳು ಕಟ್ಟು ಬಿಚ್ಚದೆ ಬಿದ್ದಿದ್ದವು. ಇದನ್ನು ಓದಲಾಯಿತು. ಇದರಲ್ಲಿ ಯಾರೂ ಯಾರಿಗೂ ಸಮಾಧಾನ ಹೇಳುವುದಿಲ್ಲ. ಅಭ್ಯಾಸದಂತೆ ಪೆನ್ಸಿಲು ಹಿಡಿದು ಕೂತೆ. ಎರಡು ಅಚ್ಚಿನ ತಪ್ಪೂ ಸಿಕ್ಕವು.

"ಮಾವ, ಬ್ಯಾಟರಿ ಎರಡಿವೆ. ಗಾಡಿ ಓಡಿಸೋದು ದೊಡ್ಡದು. ಅದನ್ನ ಎಬ್ಬಿಸೋದು ಚಿಕ್ಕದು. ಖಾಲಿಯಾಗಿರೋದು ಚಿಕ್ಕದು. ದೊಡ್ಡದು ತುಂಬಿಕೊಂಡೇ ಇದೆ, ಆದ್ರೆ ಎಬ್ಬಿಸೋರಿಲ್ಲ."

ಮಾವ ಕಾರಿನ ಕಡೆ ನೋಡಿದರು. "ಅಂದ್ರೆ ಕಾಲಾಳು ಮಲಗಿದ್ರೆ ರಾಜನೂ ಮಲಗಿದ ಹಾಗೆ."

ರಿಮೋಟಿನ ಹೊಟ್ಟೆಯೊಳಗೆ ಒಂದು ಲೋಹದ ಕೀಲಿ ಅಡಗಿತ್ತು, ಕೈಪಿಡಿ ಹೇಳಿದ ಜಾಗದಲ್ಲೇ. ಅದರಿಂದ ಬಾಗಿಲು ತೆರೆದೆ. ಬೀದಿಯ ತಿರುವಿನ ಬೇಕರಿಯವನು ತನ್ನ ವ್ಯಾನು ತಂದು ನಿಲ್ಲಿಸಿದ. ವ್ಯಾನಿನ ಬ್ಯಾಟರಿಯಿಂದ ಕೆಂಪು ತಂತಿ ಎಲ್ಲಿಗೆ, ಕಪ್ಪು ಎಲ್ಲಿಗೆ ಎಂದು ನಾನು ಓದಿ ಹೇಳಿದೆ; ಅವನು ಸಿಕ್ಕಿಸಿದ. "ಕಿತ್ತಳೆ ಬಣ್ಣದ ತಂತಿ ಮಾತ್ರ ಮುಟ್ಟಬಾರದಂತೆ," ಎಂದೆ. ಬೇಕರಿಯವನು ಎರಡೂ ಕೈಯನ್ನು ಥಟ್ಟನೆ ಬೆನ್ನ ಹಿಂದೆ ಕಟ್ಟಿಕೊಂಡ. ಹಸಿರು ಅಕ್ಷರ ಬೆಳಗಿತು. ಅವನು ಕೂಲಿಯನ್ನೂ ಕೇಳಲಿಲ್ಲ, ಬೇರೇನನ್ನೂ ಕೇಳಲಿಲ್ಲ. ಸ್ವಲ್ಪ ನಿಂತು, ಏನೋ ಹೇಳಲು ಹೊರಟವನಂತೆ ಡಿಕ್ಕಿಯ ಕಡೆ ನೋಡಿ, ಹೊರಟುಹೋದ.

ಆ ಸಂಜೆ ಊಟದ ಮೇಜಿನಲ್ಲಿ ಅತ್ತೆ ಇದ್ದಕ್ಕಿದ್ದಂತೆ ಕೇಳಿದರು. "ಆ ಕಾರಿನ ಹಿಂದಿನ ಸೀಟಿನ ಬಟ್ಟೆ ಯಾಕೆ ಹಾಗೆ ಸವೆದಿದೆ?"

"ನನ್ನ ಬೂಟಿನ ಕಬ್ಬಿಣ ತಾಗಿ ತಾಗಿ," ಎಂದಳು ಸಾಸಿವೆ, ಆಲೂಗಡ್ಡೆಯ ಸಿಪ್ಪೆ ಸುಲಿಯುತ್ತ.

"ಹೊಲಿದು ಹಾಕ್ತೀನಿ."

ಎಲ್ಲಿ ಮಾತಾಡಿದರೆ ಅವರ ಮನಸ್ಸು ಬದಲಾಗಿಬಿಡುತ್ತದೋ ಎಂದು ಮಾವ ನೀರು ಕುಡಿಯುವುದನ್ನೂ ನಿಲ್ಲಿಸಿದ್ದರು.

ಬೆಳಿಗ್ಗೆ ಅತ್ತೆ ಕೊರಳಿಗೆ ಅಳತೆ ಪಟ್ಟಿ ಹಾಕಿಕೊಂಡು ಕಾರಿನೊಳಗೆ ಹೊಕ್ಕರು. ಊರಿನ ಎಷ್ಟೋ ಜನರ ಕೋಟು ಹೊಲಿದ ಕೈ ಅವರದು. ಮನುಷ್ಯರನ್ನು ಅಳೆಯುವ ಹಾಗೆಯೇ ಅಳೆದರು. "ಭುಜ ಅಗಲ. ಎದೆ ಚಪ್ಪಟೆ. ಸೊಂಟ ಅನ್ನೋದೇ ಇಲ್ಲ. ನಿಮ್ಮಪ್ಪನ ಹಾಗೇ," ಎಂದು ಕಿಟಕಿಯಿಂದ ಮಗಳಿಗೆ ಹೇಳಿದರು.

ಬೀರುವಿನಿಂದ ತೆಗೆದ ಬಟ್ಟೆ ನೋಡಿ ನಾನು ಕೈಲಿದ್ದ ತಟ್ಟೆ ಕೆಳಗಿಟ್ಟೆ. ಬೂದು ಬಣ್ಣದ ದಪ್ಪ ಉಣ್ಣೆ, ಅದರೊಳಗೆ ತೆಳ್ಳಗಿನ ನೀಲಿ ಗೆರೆ. ಮಗನ ಚಳಿಗಾಲದ ಕೋಟಿಗೆಂದು ತೆಗೆದಿಟ್ಟದ್ದು. ಅವನು ಅಳತೆ ಕೊಡಲು ನಿಲ್ಲದೆ ತಪ್ಪಿಸಿಕೊಳ್ಳುತ್ತಲೇ ಇದ್ದ.

"ಅತ್ತೆ, ಇದು..."

"ಗೊತ್ತು ಇದು ಏನು ಅಂತ. ಪೆಟ್ಟಿಗೇಲಿ ಇಟ್ಟು ಹುಳಕ್ಕೆ ಹಾಕ್ಲಾ?"

ಯಂತ್ರ ಮತ್ತೆ ಓಡಿತು. ಆ ಸದ್ದಿನಲ್ಲಿ ಮನೆಗೆ ಜೀವ ಬಂತು ಎಂದು ಹೇಳಿದರೆ ಹೆಚ್ಚಾಗಲಾರದು. ಮಾವ ಕೂಡ ದಾರದ ಉಂಡೆ ಹಿಡಿದು ಕೂತರು. ಮುಗಿದಾಗ ಆ ಕೆಲಸ ನೋಡಬೇಕಿತ್ತು. ಹಿಂದಿನ ಸೀಟಿನ ಬೆನ್ನು, ಕೆಳಗು, ಬದಿ, ಎಲ್ಲಿಯೂ ಒಂದು ಸುಕ್ಕಿಲ್ಲ. ನೀಲಿ ಗೆರೆಗಳು ಒಂದು ಅಂಚಿನಿಂದ ಇನ್ನೊಂದಕ್ಕೆ ಮುರಿಯದೆ ಹಾದಿದ್ದವು. ಸೀಟಿನ ಪಕ್ಕದ ಜಾಲರಿಯನ್ನೂ ಬಿಟ್ಟಿರಲಿಲ್ಲ. "ಅಲ್ಲಿಂದ ಏನೋ ಗಾಳಿ ಆಡುತ್ತೆ. ಇವಳ ಮಂಡಿಗೆ ಆಗಲ್ಲ," ಎಂದರು. ಸಾಸಿವೆ ಕೈಯಾಡಿಸಿ, "ಅಮ್ಮ, ಈ ಕಾರು ಈಗ ಮದುವೆಗೆ ಹೋಗಬಹುದು," ಎಂದಳು. ಅತ್ತೆ ನಕ್ಕರು, ಅಷ್ಟು ದಿನಗಳ ಮೇಲೆ.

ಸೆಕೆ ಶುರುವಾಯಿತು. ಒಂದು ಬೆಳಿಗ್ಗೆ ಏರಿನ ನಡುವೆ ಪರದೆಯ ಮೇಲೆ ಕೆಂಪು ತ್ರಿಕೋನ ಹೊತ್ತಿತು. ಕಾರಿಗೆ ಕಸುವೇ ಇಲ್ಲದಂತಾಯಿತು. ಆಮೆಯಂತೆ ಒಂದಷ್ಟು ತೆವಳಿ, ಬದಿಗೆ ನಿಂತಿತು. ಹಿಂದಿನ ಸೀಟಿನ ಒಳಗೆಲ್ಲೋ ಏನೋ ಗುಂಯ್‌ಗುಡುತ್ತಿತ್ತು. ನೆರಳಿನಲ್ಲಿ ಕಾದು ಕೂತ ಮೇಲೆ ಮತ್ತೆ ಹೊರಟಿತು. ಮರುದಿನ ಇನ್ನೂ ಕೆಳಗೇ ನಿಂತಿತು. ಅದರ ಮರುದಿನ ಸಾಸಿವೆಗೆ ಮೇಲಿನಿಂದ ಮಾತು ಬಂತು: ಬೆಳಗಿನ ನೀರಿನ ಮಾದರಿ ಹೊತ್ತಿಗೆ ಸರಿಯಾಗಿ ಪರೀಕ್ಷೆಯಾಗಬೇಕು, ಕೋಣೆ ಖಾಲಿ ಇದೆ, ತೀರ್ಮಾನಿಸಿ.

ಗ್ಯಾರೇಜಿನವನು ಒಂದು ತಂತಿ ಚುಚ್ಚಿ, ಕೈಯಲ್ಲಿದ್ದ ಯಂತ್ರ ನೋಡಿ, ತಲೆ ಆಡಿಸಿದ. "ದೊಡ್ಡ ಬ್ಯಾಟರಿ ಹೋಗಿದೆ. ಪೂರ್ತಿ ಬದಲಿಸಬೇಕು. ಅಷ್ಟು ದುಡ್ಡು ಸುರಿಯೋ ಬದಲು ಇನ್ನೊಂದು ಕಾರೇ ನೋಡ್ಕೊಳ್ಳಿ. ಓಡ್ತಿರುವಾಗಲೇ ಕೊಟ್ಟುಬಿಡಿ."

ಆ ಸಂಜೆ ಸೂಪು ಆರಿಹೋಯಿತು.

"ಬಿಡಿಭಾಗದ ವ್ಯಾಪಾರಿ ಒಬ್ಬ ಇದಾನೆ, ಶನಿವಾರ ಬರ್ತಾನಂತೆ," ಎಂದರು ಮಾವ.

"ಬಂದು?" ಎಂದರು ಅತ್ತೆ.

"ಬಂದು ಒಯ್ತಾನೆ."

"ಒಯ್ದು?"

"ಬಿಚ್ಚುತಾನೆ, ಮತ್ತೇನು! ಪೂಜೆ ಮಾಡ್ತಾನಾ?"

"ನಾನು ಹೊಲಿದದ್ದು ಇನ್ನೂ ಮಡಿಕೆ ಮುರಿದಿಲ್ಲರೀ."

"ನಿನ್ನ ಹೊಲಿಗೆಗೆ ಗಾಡಿ ಓಡುತ್ತಾ?"

"ಅಪ್ಪ, ಸಾಕು," ಎಂದಳು ಸಾಸಿವೆ. "ನಾನು ಒಪ್ಪಿಕೊಂಡಾಗಿದೆ. ಭಾನುವಾರ ಕೋಣೆಗೆ ಹೋಗ್ತೀನಿ. ಕಿಟಕಿ ದೊಡ್ಡದಿದೆ. ಕೆಳಗೆ ನೋಡಿದ್ರೆ ನಮ್ಮನೆ ಚಾವಣಿ ಕಾಣುತ್ತೆ."

"ಚಾವಣಿ ಕಾಣುತ್ತಂತೆ!" ಅತ್ತೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದರು. ನಲ್ಲಿ ಬಿಟ್ಟರು. ಪಾತ್ರೆ ತೊಳೆಯುವ ಸದ್ದು ಬರಲಿಲ್ಲ, ನೀರಿನ ಸದ್ದು ಮಾತ್ರ.

ಶುಕ್ರವಾರ ಮಾವ ಕಾರು ಖಾಲಿ ಮಾಡಿಡಲು ಹೇಳಿದರು. ಡಿಕ್ಕಿಯಿಂದ ಹಗ್ಗ, ಛತ್ರಿ, ಒಂದು ಒಣಗಿದ ಸ್ಪಂಜು ತೆಗೆದೆ. ಕೆಳಗೆ, ಒಂದು ಗೋಣಿತಾಟಿನಲ್ಲಿ ಸುತ್ತಿದ್ದ, ಕಾಲಿನಲ್ಲಿ ತುಳಿಯುವ ಗಾಳಿ ಪಂಪು ಇತ್ತು. ಹಿಡಿಯ ಮೇಲೆ ಹಳದಿ ಬಣ್ಣದಲ್ಲಿ ಬ್ರೆಡ್ಡಿನ ಚಿತ್ರ. ಅದು ನಮ್ಮದಲ್ಲ. ಬದಿಗಿಟ್ಟೆ.

ಕೊನೆಗೆ ಕೈಪಿಡಿ ಉಳಿಯಿತು. ಅದೂ ಕಾರಿನ ಜೊತೆ ಹೋಗಬೇಕಾದದ್ದು. ಕೊಡುವ ಮೊದಲು ಉಳಿದ ಪುಟಗಳನ್ನು ಮುಗಿಸೋಣ ಎಂದು ಹಿಂದಿನ ಸೀಟಿನಲ್ಲೇ ಕೂತೆ. ಕರಡು ತಿದ್ದುವವರಿಗೆ ಪುಟ ಹಾರಿಸಲು ಬರುವುದಿಲ್ಲ.

ದೊಡ್ಡ ಬ್ಯಾಟರಿ ಇರುವುದು ಎಂಜಿನ್ನಿನ ಹತ್ತಿರವಲ್ಲ, ನಾನು ಕೂತ ಸೀಟಿನ ಹಿಂದೆ. ಅದು ದುಡಿದಾಗ ಬಿಸಿಯಾಗುತ್ತದೆ. ತಣ್ಣಗಾಗಲು ಹೊರಗಿನ ಗಾಳಿ ಅದಕ್ಕೆ ಆಗುವುದಿಲ್ಲ. ಕಾರಿನೊಳಗೆ ಜನ ಉಸಿರಾಡುವ ಗಾಳಿಯನ್ನೇ ಅದೂ ಎಳೆದುಕೊಳ್ಳುತ್ತದೆ. ನಮಗೆ ಹಿತವಾದಷ್ಟು ತಂಪೇ ಅದಕ್ಕೂ ಹಿತ. ಓದಿ ಪುಸ್ತಕ ಮುಚ್ಚಿದೆ. ಇಷ್ಟು ದಿನ ಕಾರಿನಲ್ಲಿ ನಾವಿಬ್ಬರೇ ಉಸಿರಾಡುತ್ತಿದ್ದೇವೆ ಎಂದುಕೊಂಡಿದ್ದೆ. ಮತ್ತೆ ತೆರೆದು ಚಿತ್ರ ನೋಡಿದೆ. ಗಾಳಿ ಹೊಗುವ ಜಾಲರಿ ಸೀಟಿನ ಪಕ್ಕದಲ್ಲಿ. ಚಿತ್ರದಲ್ಲಿ ಜಾಲರಿ ಇದ್ದ ಜಾಗದಲ್ಲಿ ನಮ್ಮ ಕಾರಿನಲ್ಲಿ ಬೂದು ಉಣ್ಣೆ ಇತ್ತು. ನೀಲಿ ಗೆರೆ ಮುರಿಯದೆ ಅದರ ಮೇಲೆ ಹಾದುಹೋಗಿತ್ತು.

ಸಾಸಿವೆಯನ್ನು ಕರೆದೆ. ಕಾರನ್ನು ಎಬ್ಬಿಸಿ, ಬಿಸಿಲಲ್ಲಿ ಸ್ವಲ್ಪ ಸುತ್ತಾಡಿಸಿ ತಂದೆವು. ಗುಂಯ್ ಎನ್ನುವ ಸದ್ದು ಶುರುವಾದಾಗ ಅವಳು ಅಂಗೈ ಇಟ್ಟು ನೋಡಿದಳು.

"ಅತ್ತಿಗೆ, ಬಟ್ಟೆ ಒಳಕ್ಕೆ ಹೀರ್ಕೊಂಡಿದೆ. ಬಿಗಿಯಾಗಿ. ನಮ್ಮಲ್ಲಿ ಮರಳಿನ ತೊಟ್ಟಿ ಕಟ್ಟಿಕೊಂಡ್ರೆ ಪಂಪು ಹೀಗೇ ಅರಚುತ್ತೆ." ಕೈ ಹಿಂತೆಗೆದಳು. "ಅಯ್ಯೋ. ಇದು ಅಮ್ಮ ಹೊಲಿದದ್ದು."

ಇಬ್ಬರೂ ಮನೆಯ ಕಡೆ ನೋಡಿದೆವು.

"ಗ್ಯಾರೇಜಿನವನು ಬಿಚ್ಚೋಕೆ ಹೇಳಿದ ಅಂತ ಸುಳ್ಳು ಹೇಳೋಣ," ಎಂದಳು.

"ಅವನು ಬಟ್ಟೆ ನೋಡೇ ಇಲ್ಲ. ಮೊದಲ ಪ್ರಶ್ನೆಗೇ ಸಿಕ್ಕಿಬೀಳ್ತೀವಿ."

"ಹಾಗಾದ್ರೆ ನೀವು ಹೇಳಿ."

"ನಿಮ್ಮಮ್ಮ."

"ನಿಮ್ಮತ್ತೆ. ಸೊಸೆ ಹೇಳಿದ್ರೆ ಬೈತಾರೆ ಅಷ್ಟೆ. ಮಗಳು ಹೇಳಿದ್ರೆ ಅಳ್ತಾರೆ."

ಅತ್ತೆ ಅವರೆಕಾಳು ಆರಿಸುವ ಹಾಗೆ ಗುಂಡಿಗಳನ್ನು ಬಣ್ಣದ ಪ್ರಕಾರ ಬೇರ್ಪಡಿಸುತ್ತಿದ್ದರು. ನಾನು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಬ್ಯಾಟರಿ ಉಸಿರಾಡುತ್ತದೆ, ಅದರ ಮೂಗು ಸೀಟಿನ ಪಕ್ಕ ಇದೆ, ಬಟ್ಟೆ ಅದರ ಮೇಲೆ ಇದೆ. ಅವರು ಕೈ ನಿಲ್ಲಿಸಲಿಲ್ಲ. ಬಿಳಿ ಗುಂಡಿ ಬಿಳಿಯ ಕಡೆಗೆ, ಕಪ್ಪು ಕಪ್ಪಿನ ಕಡೆಗೆ.

"ಅಂದ್ರೆ ಅದು ಕೆಟ್ಟಿಲ್ಲ," ಎಂದರು ಕೊನೆಗೆ.

"ಕೆಟ್ಟಿಲ್ಲ ಅನ್ಸುತ್ತೆ. ಹತ್ತಿ ನೋಡಿದ್ರೆ ಗೊತ್ತಾಗುತ್ತೆ."

"ನಾನು ಮೂಗಿಗೆ ಬಟ್ಟೆ ಒತ್ತಿ ಹಿಡಿದಿದ್ದೆ."

"ಗೊತ್ತಿರಲಿಲ್ಲ ಅಲ್ವಾ ಅತ್ತೆ. ನಾನೂ ನೋಡ್ತಾನೇ ಇದ್ದೆ."

"ನೀನು ಓದಿದವಳು. ಪುಸ್ತಕ ನೋಡಿ ಹೇಳಬೇಕಿತ್ತು," ಎಂದು ಗದರಿದರು. ಸಾಸಿವೆ ಹೇಳಿದ್ದು ನಿಜವಾಯಿತು, ಬೈದರು ಅಷ್ಟೆ. ಆಮೇಲೆ ದೊಡ್ಡ ಕತ್ತರಿ ತೆಗೆದುಕೊಂಡು ಎದ್ದರು.

ಹೊದಿಕೆ ಹರಿದು ತೆಗೆಯುತ್ತಾರೆ ಎಂದುಕೊಂಡೆ. ನಾನು ಕಾರು ಆರಿಸಿದೆ. ಅವರು ಸೀಟಿನ ಮೇಲೆ ಮಂಡಿಯೂರಿ, ಬಟ್ಟೆಯ ಹಿಂದೆ ಜಾಲರಿಯ ಅಂಚನ್ನು ಉಗುರಿನಿಂದ ಹುಡುಕಿ, ಸೀಮೆಸುಣ್ಣದಲ್ಲಿ ಗುರುತು ಹಾಕಿದರು. ಉಸಿರು ಬಿಗಿಹಿಡಿದು ಕತ್ತರಿ ಇಳಿಸಿದರು. ಉದ್ದಕ್ಕೆ ಒಂದೇ ಸೀಳು. ಬೂದು ಉಣ್ಣೆ ಬಾಯಿ ತೆರೆಯಿತು. ಹಿಂದೆ ಜಾಲರಿ ಕಾಣಿಸಿತು, ಅದರ ಮೇಲೆ ದಪ್ಪಗೆ ಬೂದು ನಾರು.

ಸಾಸಿವೆ ಜಾಲರಿಯ ಮುಚ್ಚಳ ಕಳಚಿದಳು. ಒಳಗಿದ್ದ ಪುಟ್ಟ ಸೋಸುಬಲೆಯನ್ನು ತೆಗೆದು ಬೆಳಕಿಗೆ ಹಿಡಿದಳು. ಆಚೆಬದಿ ಕಾಣಲಿಲ್ಲ. "ಇಂಥದ್ದರಲ್ಲಿ ಊರಿಗೆ ನೀರು ಬಿಟ್ಟಿದ್ರೆ ನನ್ನ ಕೆಲಸ ಹೋಗ್ತಿತ್ತು," ಎಂದು, ನಲ್ಲಿಯ ಕೆಳಗೆ ಒಂದೊಂದು ಕಣ್ಣನ್ನೂ ತೊಳೆದಳು. ಒಣಗುವವರೆಗೆ ಗಾಳಿಗೆ ಹಿಡಿದು ನಿಂತಳು.

ಅಷ್ಟು ಹೊತ್ತೂ ಅತ್ತೆ ಸೂಜಿ ಹಿಡಿದು ಆ ಸೀಳಿನ ಅಂಚನ್ನು ಕಟ್ಟುತ್ತಿದ್ದರು. ಹೊಲಿಗೆಯ ಪಕ್ಕ ಹೊಲಿಗೆ, ಒಂದೊಂದಕ್ಕೂ ಗಂಟು, ನೀಲಿ ರೇಷ್ಮೆ ದಾರದಲ್ಲಿ. ಕೋಟಿಗೆ ಗುಂಡಿ ತೂರಿಸುವ ಕಾಜಾಕ್ಕೆ ಹಾಕುವ ಹೊಲಿಗೆ ಅದು. ಇಷ್ಟು ದೊಡ್ಡ ಕಾಜಾವನ್ನು ನಾನು ನೋಡಿರಲಿಲ್ಲ. ನನ್ನ ಇಡೀ ಕೈ ಅದರಲ್ಲಿ ತೂರುತ್ತಿತ್ತು.

ಮಾವ ಬಾಗಿ ನೋಡಿದರು. "ನಾಳೆ ಬಿಚ್ಚೋ ಗಾಡಿಗೆ ಕಾಜಾ ಯಾಕೆ?"

"ಕೋಟು ಅಂದ ಮೇಲೆ ಕಾಜಾ ಇರಲೇಬೇಕು," ಎಂದರು ಅತ್ತೆ, ದಾರ ಕಚ್ಚಿ ಕಡಿಯುತ್ತ. "ನೀವು ಆ ಕಡೆ ಸರೀರಿ, ಬೆಳಕು ಬಿಡಿ."

ಶನಿವಾರ ಬೆಳಿಗ್ಗೆ ವ್ಯಾಪಾರಿ ಬರುವ ಮೊದಲು ನಾಲ್ವರೂ ಹತ್ತಿದೆವು. ಸೆಕೆ ಆಗಲೇ ಏರಿತ್ತು. ನಾಲ್ವರ ಭಾರ ಬೇರೆ. ನಿಲ್ಲುವುದಾದರೆ ಇವತ್ತು ನಿಂತೇ ನಿಲ್ಲುತ್ತದೆ. ಮಾವ ಮುಂದೆ ಕೂತು ಪರದೆಯ ಮೇಲೆ ಕಣ್ಣು ನೆಟ್ಟಿದ್ದರು, ಹಳಿಯ ಸಿಗ್ನಲು ನೋಡುವವರಂತೆ. ಅತ್ತೆ ಹಿಂದೆ ಕಾಜಾದ ಹತ್ತಿರ ಬೆರಳಿಟ್ಟು ಕೂತಿದ್ದರು.

ಮೊದಲು ನಿಂತಿದ್ದ ಜಾಗ ದಾಟಿದೆವು. ತಿರುವು. ಕಡಿದಾದ ಏರು. ಎಂಜಿನ್ ಎದ್ದು ಹೆಗಲು ಕೊಟ್ಟಿತು.

"ಎಳೀತಿದೆ," ಎಂದರು ಅತ್ತೆ ಪಿಸುದನಿಯಲ್ಲಿ. "ಗಾಳಿ ಎಳೀತಿದೆ. ಮಗು ಮೂಗಿನ ಹತ್ತಿರ ಬೆರಳಿಟ್ಟ ಹಾಗಿದೆ."

ತ್ರಿಕೋನ ಹೊತ್ತಲಿಲ್ಲ. ಘಟಕದ ಗೇಟು ಬಂತು. ಒಳಗೆ ದೊಡ್ಡ ತೊಟ್ಟಿಗಳಲ್ಲಿ ಊರಿನ ಅಷ್ಟೂ ನೀರು ಆಕಾಶ ಹೊತ್ತು ಅಲುಗದೆ ಮಲಗಿತ್ತು. ಅತ್ತೆ ಮಗಳ ಕೆಲಸದ ಜಾಗ ನೋಡಿದ್ದು ಅದೇ ಮೊದಲು. "ಇಷ್ಟನ್ನೂ ನೀನು ನೋಡ್ಕೋತೀಯಾ?" ಎಂದರು. ಸಾಸಿವೆ ಸಿಡಿಯಲಿಲ್ಲ. "ಸ್ವಲ್ಪ ಸ್ವಲ್ಪ," ಎಂದಳು.

ಇಳಿಯುವಾಗ ಹಸಿರು ಬಾಣಗಳು ಹಿಂದಕ್ಕೆ ಹರಿದವು. ಮಾವ ನನ್ನ ತೋಳು ಹಿಡಿದುಕೊಂಡರು.

"ಇದೇನು, ಬ್ಯಾಟರಿ ತುಂಬ್ತಾ ಇದೆಯಾ?"

"ಹೌದು. ಇಳಿಯುವಾಗ ಚಕ್ರವೇ ಮೋಟರನ್ನ ತಿರುಗಿಸುತ್ತೆ. ಕರೆಂಟು ಹುಟ್ಟುತ್ತೆ."

"ಅದು ನನಗೆ ಹೇಳಬೇಡ. ನನ್ನ ಡೀಸೆಲ್ ಎಂಜಿನ್ನಲ್ಲೂ ಚಕ್ರ ತಿರುಗಿಸ್ತಿದ್ದದ್ದು ಕರೆಂಟೇ. ಘಾಟಿ ಇಳಿಯುವಾಗ ಮೋಟರೇ ತಡೆ ಹಿಡೀತಿತ್ತು. ರಾಶಿ ಕರೆಂಟು ಹುಟ್ಟುತ್ತಿತ್ತು. ಇಟ್ಕೊಳ್ಳೋಕೆ ಜಾಗ ಇರ್ಲಿಲ್ಲ. ಚಾವಣಿ ಮೇಲಿನ ಸುರುಳಿಗಳಲ್ಲಿ ಕಾಯಿಸಿ ಗಾಳಿಗೆ ಬಿಡ್ತಿದ್ವಿ." ಅವರ ದನಿ ಸಣ್ಣದಾಯಿತು. "ಕೆಲಸ ಮಾಡಿದಷ್ಟು ವರ್ಷವೂ ಇಳಿಜಾರನ್ನೆಲ್ಲ ಆಕಾಶಕ್ಕೆ ಸುಟ್ಟೆ ನಾನು. ಇದು ನೋಡು, ಒಂದು ಹನೀನೂ ಚೆಲ್ಲದೆ ಇಟ್ಕೋತಾ ಇದೆ. ಇಷ್ಟು ಚೋಟುದ್ದದ್ದು."

"ರೀ, ಫೋನು ಮಾಡಿ," ಎಂದರು ಹಿಂದಿನಿಂದ ಅತ್ತೆ.

"ಯಾರಿಗೆ?"

"ಆ ಬಿಚ್ಚೋನಿಗೆ!"

ಮಾವ ಫೋನು ತೆಗೆದರು. ಏನು ಹೇಳುವುದೆಂದು ಸ್ವಲ್ಪ ತಡವರಿಸಿದರು. ಆಮೇಲೆ, "ಬರಬೇಡಿ. ಗಾಡಿ ಓಡ್ತಾ ಇದೆ. ಇಲ್ಲ, ಸದ್ದು ಕೇಳಲ್ಲ ನಿಮಗೆ, ಅದು ಹಾಗೇ," ಎಂದರು.

ಭಾನುವಾರ ಸಾಸಿವೆ ತನ್ನ ಪೆಟ್ಟಿಗೆ ಬಿಚ್ಚಿ ಬಟ್ಟೆಗಳನ್ನು ಮತ್ತೆ ಬೀರುವಿನಲ್ಲಿಟ್ಟಳು. ಬೇಕಂತಲೇ ದಡಬಡ ಸದ್ದು ಮಾಡುತ್ತ, ಅಮ್ಮನಿಗೆ ಕೇಳಿಸುವ ಹಾಗೆ.

ಸೋಮವಾರ ಹೊರಡುವ ಮೊದಲು ಚಕ್ರಗಳನ್ನು ನೋಡಿದೆ. ಗಾಳಿ ಕಡಿಮೆಯಿದ್ದರೆ ಏರು ಹತ್ತಲು ಬ್ಯಾಟರಿ ಹೆಚ್ಚು ದುಡಿಯಬೇಕಾಗುತ್ತದೆ ಎಂದು ಓದಿದ್ದೆ. ಕಡಿಮೆಯಿತ್ತು. ಬದಿಗಿಟ್ಟಿದ್ದ ಪಂಪು ತಂದು ನಾಲ್ಕಕ್ಕೂ ತುಳಿದೆ. ಸಾಸಿವೆಯನ್ನು ಗುಡ್ಡದ ಮೇಲೆ ಹೊತ್ತಿಗೆ ಸರಿಯಾಗಿ ಬಿಟ್ಟು, ವಾಪಸು ಬರುತ್ತ ಬೇಕರಿಯ ಮುಂದೆ ನಿಂತೆ.

ಬೇಕರಿಯವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಹಲಗೆಯ ಮುಂದೆ ನಿಂತಿದ್ದ. ಪಂಪನ್ನು ಅವನ ಮುಂದಿಟ್ಟೆ.

"ಇದು ನಿಮ್ಮದು. ಅವತ್ತು ವ್ಯಾನು ತಂದಾಗಲೇ ಕೇಳಬಹುದಿತ್ತು."

"ಅಂಥ ಮನೇಲಿ ನಿಂತು ಪಂಪು ಕೇಳೋದೇನಮ್ಮ? ಅದೂ ಕೆಟ್ಟಿರೋ ಪಂಪು."

"ಕೆಟ್ಟಿದೆಯಾ?"

"ನಿಮ್ಮ ಯಜಮಾನ್ರು ತಿಂಗಳು ತಿಂಗಳು ಒಯ್ದು ತಂದಿಡ್ತಿದ್ರು. ಕೊನೇ ಸಲ ಒಯ್ಯುವಾಗ ಇದು ಪುಸ್ ಅಂತಿತ್ತು, ಗಾಳಿಯೆಲ್ಲ ಕುತ್ತಿಗೇಲಿ ಸೋರ್ತಿತ್ತು. ಎಸೀತೀನಿ ಬಿಡಿ ಅಂದೆ. ಕೊಡಿ ಇಲ್ಲಿ, ಸರಿ ಮಾಡಿ ತರ್ತೀನಿ ಅಂದ್ರು. ಆಮೇಲೆ..." ಅವನು ಕೈಯ ಹಿಟ್ಟು ಉಜ್ಜಿಕೊಂಡ.

"ಇವತ್ತು ಬೆಳಿಗ್ಗೆ ನಾಲ್ಕು ಚಕ್ರಕ್ಕೆ ಹೊಡೆದೆ ಇದರಲ್ಲಿ."

"ಇದರಲ್ಲಾ?"

ಅವನು ನಂಬಲಿಲ್ಲ. ಕುತ್ತಿಗೆಯ ತಿರುಪು ಬಿಚ್ಚಿದ. ಒಳಗೆ ಹೊಸ ವಾಷರು ಇತ್ತು. ಅಂಗಡಿಯದ್ದಲ್ಲ. ದಪ್ಪ ಚರ್ಮವನ್ನು ಗುಂಡಗೆ ಕತ್ತರಿಸಿ, ಅಂಚು ಉಜ್ಜಿ ನುಣುಪು ಮಾಡಿ ಕೂರಿಸಿದ್ದು. ಎಣ್ಣೆ ಇನ್ನೂ ಆರಿರಲಿಲ್ಲ. ಅವನು ತಿರುಪು ಹಾಕಿ, ಪಂಪನ್ನು ನೆಲಕ್ಕಿಟ್ಟು ಕಾಲಿಟ್ಟ. "ಕೊಳವೆ ಹಿಡೀರಿ," ಎಂದ.

ನಾನು ಕೊಳವೆಯ ತುದಿಯನ್ನು ಹಲಗೆಯ ಮೇಲೆ ಹಿಡಿದೆ. ಅವನು ತುಳಿದ. ಹಲಗೆಯ ಮೇಲಿನ ಹಿಟ್ಟು ಒಮ್ಮೆಗೇ ಎದ್ದಿತು. ಬೆಳಗಿನ ಬಿಸಿಲಿನಲ್ಲಿ ಬಿಳಿಯ ಮೋಡವಾಗಿ ನಿಂತು, ನಿಧಾನವಾಗಿ ನಮ್ಮಿಬ್ಬರ ಮೇಲೂ ಇಳಿಯಿತು.

"ಅರೆ!" ಎಂದ ಬೇಕರಿಯವನು. ಇನ್ನೊಮ್ಮೆ ತುಳಿದ. "ಅರೆ, ಮಾಡಿಬಿಟ್ಟಿದಾರೆ!"

ಅವನು ಪಂಪನ್ನು ಒರೆಸಿ ಒಲೆಯ ಪಕ್ಕದ ಮೊಳೆಗೆ ತೂಗುಹಾಕಿದ. "ಮುಂದಿನ ತಿಂಗಳು ಬೇಕಾಗುತ್ತಲ್ಲ?"

"ಬೇಕಾಗುತ್ತೆ," ಎಂದೆ. ಕೈಯ ಹಿಟ್ಟು ಒರೆಸಿಕೊಳ್ಳದೆ ಹಾಗೇ ಹೊರಗೆ ಬಂದೆ.